ಕಂಬದ ಕಲ್ಲು

ಜರಡಿಯ ಮೇಲೆ ತೊಗರಿ ಹೊರಳುವ ಸದ್ದು ಹುಮನಾಬಾದಿನ ಗಂಜ್ ಎಂಬ ಕಾಳಿನ ಪೇಟೆಯ ಹಿಂದಿನ ಓಣಿಗೆ ಬೆಳಗಿನಿಂದಲೇ ಕೇಳುತ್ತದೆ. ದೂರದಿಂದ ಅದು ಮಳೆಯ ಸದ್ದು. ಹತ್ತಿರ ಹೋದವರ ಗಂಟಲಿಗೆ ಮಾತ್ರ ಅದು ಧೂಳೆಂದು ಗೊತ್ತಾಗುತ್ತದೆ. ಓಣಿಯ ಕೊನೆಯ ಮನೆ ಯಶೋದಾಬಾಯಿಯವರದು. ಅವರು ಆ ಸದ್ದಿನಲ್ಲೇ ಏಳುತ್ತಿದ್ದರು, ಆ ಸದ್ದಿನಲ್ಲೇ ಕೂದಲು ಬಾಚಿಕೊಳ್ಳುತ್ತಿದ್ದರು, ಅದು ಹಿಂದೆ ಸರಿಯುತ್ತಿರುವಂತೆ ಸಾಲೆಗೆ ನಡೆಯುತ್ತಿದ್ದರು. ಸಾಲೆ ದೂರವೇನೂ ಇರಲಿಲ್ಲ. ಪಾಠ ಮಾಡುವಾಗ ಒಂದು ಕ್ಷಣ ಸುಮ್ಮನಾದರೆ ಅಲ್ಲಿಗೂ ಜರಡಿ ಕೇಳುತ್ತಿತ್ತು.

ಅವರು ಹುಟ್ಟಿದ್ದು ಮಾಣಿಕನಗರದಲ್ಲಿ. ಹನ್ನೊಂದನೆಯ ವಯಸ್ಸಿಗೆ ಬಸವಕಲ್ಯಾಣದ ಮನೆಯೊಂದಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಗಂಡನ ಮುಖ ಸರಿಯಾಗಿ ನೋಡುವ ಮೊದಲೇ ಅವನು ಜ್ವರದಲ್ಲಿ ಹೋದ. ತವರಿಗೆ ಮರಳಿ ಬಂದ ತಂಗಿಯನ್ನು ಅಣ್ಣ ಓದಿಸಿದ. ಅದು ನಿಜಾಮರ ಕಾಲ. ಯಶೋದಾಬಾಯಿ ಮರಾಠಿ ಕಲಿತರು, ಉರ್ದು ಕಲಿತರು, ಮಾಸ್ತರಕಿಯ ಪರೀಕ್ಷೆಯನ್ನೂ ಮುಗಿಸಿದರು. ಓಣಿಯ ಹೆಂಗಸರು ಅರಿಶಿನ-ಕುಂಕುಮಕ್ಕೆ ಕೂಡಿದಾಗ ತಟ್ಟೆ ಅವರ ತನಕ ಬಂದು, ಏನೋ ನೆನಪಾದಂತೆ, ಪಕ್ಕದವರ ಕಡೆಗೆ ಹೊರಳುತ್ತಿತ್ತು. ಒಂದು ಮದುವೆಯಲ್ಲಿ ಅವರು ಕೈಯಾರೆ ಕೊಟ್ಟ ಸಕ್ಕರೆಯನ್ನು ಮದುಮಗಳು ಸೆರಗಿನ ಮರೆಯಲ್ಲಿ ನೆಲಕ್ಕೆ ಬಿಟ್ಟಳು. ಯಶೋದಾಬಾಯಿ ಅದನ್ನು ಕಂಡರು. ಇರುವೆ ಬರುವ ತನಕ ನೋಡುತ್ತ ಕುಳಿತರು. ಆಮೇಲೆ ಯಾವ ಮದುವೆಗೂ ಹೋಗಲಿಲ್ಲ.

ಐವತ್ತಾರನೆಯ ಇಸವಿಯಲ್ಲಿ ರಾಜ್ಯ ಬದಲಾಯಿತು. ಇನ್ನು ಮುಂದೆ ಪಾಠವೆಲ್ಲ ಕನ್ನಡದಲ್ಲಿ ಎಂದರು. ಕನ್ನಡ ಅವರಿಗೆ ಓಣಿಯ ಮಾತಾಗಿತ್ತು, ಅಕ್ಷರವಾಗಿರಲಿಲ್ಲ. ಮೂವತ್ತು ದಾಟಿದ ಬಾಯಿ, ಸಾಲೆಯಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು, ಮಕ್ಕಳ ಜೊತೆಗೇ ಅ ಆ ತಿದ್ದಿದರು. ಆಮೇಲೆ ನಾಲ್ಕು ವರ್ಷಕ್ಕೆ ಸಾಲೆಯ ಕಪಾಟಿಗೆ ಕಲ್ಲುಪಟ್ಟಣದ ಕಥೆಗಳು ಬಂದವು. ಏಳು ತೆಳ್ಳನೆಯ ಪುಸ್ತಕಗಳು, ದಪ್ಪ ಅಕ್ಷರ, ಪುಟಕ್ಕೊಂದು ಚಿತ್ರ. ಬರೆದವರು ಯಾರೋ ದೂರದ ಊರಿನವರು.

ಕಲ್ಲುಪಟ್ಟಣದಲ್ಲಿ ಒಬ್ಬ ಮಾಟದ ಮುದುಕಿ. ಅವಳು ಸೀನಿದರೆ ಕೇಳಿದವರೆಲ್ಲ ಕಲ್ಲಾಗುತ್ತಾರೆ. ಮಿಣುಕಿ ಎಂಬ ಹುಡುಗಿ ಮಾತ್ರ ಆ ಹೊತ್ತಿಗೆ ನೀರಲ್ಲಿ ಮುಳುಗಿದ್ದಳು, ಅವಳಿಗೆ ಸೀನು ಕೇಳಲಿಲ್ಲ. ಏಳು ಪುಸ್ತಕದುದ್ದಕ್ಕೂ ಮಿಣುಕಿ ಊರೂರು ತಿರುಗಿ ಕಲ್ಲುಗಳನ್ನು ಬಿಡಿಸುತ್ತಾಳೆ. ಬಿಡಿಸುವ ದಾರಿ ಒಂದೇ. ಕಲ್ಲಿನ ಬೊಗಸೆಯಲ್ಲಿ ಮಳೆಯ ನೀರು ನಿಂತಿರುತ್ತದೆ. ಆ ನೀರನ್ನು ಯಾರಾದರೂ ಬಾಯಿ ಹಚ್ಚಿ ಕುಡಿದರೆ ಕಲ್ಲು ಮನುಷ್ಯನಾಗುತ್ತದೆ.

ಓದಿಸಿ ಮುಗಿಸುವುದು ಯಶೋದಾಬಾಯಿಗೆ ಸಾಕಾಗಲಿಲ್ಲ. ಅವರು ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಸುಣ್ಣದಲ್ಲಿ ಕಲ್ಲುಪಟ್ಟಣದ ನಕಾಶೆ ಬರೆಸಿದರು. ತೊಗರಿ ಕಟ್ಟಿಗೆಯಿಂದ ಕೋಟೆ ಕಟ್ಟಿಸಿದರು. ಮುದುಕಿಯ ಮೇಲೆ ಪಂಚಾಯಿತಿ ಕೂಡಿಸಿ, ಅವಳ ಪರವಾಗಿ ಮಾತಾಡುವವರು ಬೇಕೆಂದರು. ಗಂಜಿನ ಅಡತಿ ವ್ಯಾಪಾರಿಗಳ ಮಗ ದಿಗಂಬರ ಎದ್ದು ನಿಂತು, ಆಕೆಗೆ ನೆಗಡಿ ಇತ್ತು, ಸೀನು ಯಾರ ಕೈಯಲ್ಲಿದೆ ಎಂದು ವಾದಿಸಿದ. ಇಡೀ ವರ್ಗ ನಕ್ಕಿತು. ಓದಲು ಬಾರದ ಮಕ್ಕಳು ಆ ವರ್ಷ ಓದಿದರು. ಮುಂದೇನಾಯಿತೆಂದು ತಿಳಿಯಬೇಕಾಗಿತ್ತು ಅವರಿಗೆ.

ಎಲ್ಲಕ್ಕಿಂತ ಮಕ್ಕಳು ಕಾಯುತ್ತಿದ್ದದ್ದು ಶನಿವಾರದ ಕಲ್ಲಿನ ಪಾಳಿಗೆ. ಒಬ್ಬೊಬ್ಬರೂ ಒಂದು ಹುಣಸೆ ಬೀಜಕ್ಕೆ ತಮ್ಮ ಗುರುತು ಕೊರೆದುಕೊಂಡಿದ್ದರು. ಬೀಜಗಳೆಲ್ಲ ಕುಡಿಕೆಗೆ ಬೀಳುತ್ತಿದ್ದವು. ಯಶೋದಾಬಾಯಿ ಕಣ್ಣು ಮುಚ್ಚಿ ಒಂದನ್ನು ತೆಗೆಯುತ್ತಿದ್ದರು. ಯಾರ ಬೀಜವೋ ಅವರು ಮಣೆಯ ಮೇಲೆ ಕಲ್ಲಾಗಿ ನಿಲ್ಲಬೇಕು, ಬೊಗಸೆ ಒಡ್ಡಬೇಕು. ಬಾಯಿ ತಂಬಿಗೆಯಿಂದ ನೀರು ಹಾಕುತ್ತಿದ್ದರು. ಕುಡಿಯಲು ಬಂದವನು ಮೊದಲು ಒಂದು ಮಾತು ಹೇಳಬೇಕು: ಈ ಕಲ್ಲು ಮನುಷ್ಯನಾಗಿದ್ದಾಗ ಯಾರಾಗಿತ್ತು, ಯಾಕೆ ಬಿಡಿಸಬೇಕು. ಹೇಳಿ ಕುಡಿದರೆ ಕಲ್ಲಿಗೆ ಜೀವ. ಸಾಮಾನ್ಯವಾಗಿ ಮಾತು ಮುಗಿಯುವುದರೊಳಗೆ ಬೆರಳ ಸಂದಿಯಿಂದ ನೀರು ಸೋರಿಹೋಗುತ್ತಿತ್ತು, ಕಲ್ಲು ನಗುತ್ತಿತ್ತು, ಮತ್ತೆ ಹಾಕಬೇಕಾಗುತ್ತಿತ್ತು. ದಿಗಂಬರ ಎಲ್ಲರ ಕೈಯಿಂದಲೂ ಕುಡಿದಿದ್ದ. ಅವನಿಗೆ ಸದಾ ಬಾಯಾರಿಕೆ.

ಆ ವರ್ಗದಲ್ಲಿ ಬಾಗಿಲ ಹತ್ತಿರ ದ್ರೌಪತಿ ಕೂಡುತ್ತಿದ್ದಳು. ಅವಳ ತಂದೆ ಲಾಲಪ್ಪ ಗಂಜಿನಲ್ಲಿ ಚೀಲ ಹೊರುವ ಹಮಾಲ, ತಾಯಿ ಕಮಳಾಬಾಯಿ ಅಲ್ಲೇ ಜರಡಿ ಹಿಡಿಯುವವಳು. ಊರಿನ ಬೇಳೆಯೆಲ್ಲ ಅವಳ ಕೈಯ ಮೇಲೆ ದಾಟಿ ಹೋಗುತ್ತಿತ್ತು. ಮಗಳು ಮಾತ್ರ ಸಾಲೆಯ ನೀರಿನ ಹರವಿಯನ್ನು ಮುಟ್ಟುವಂತಿರಲಿಲ್ಲ. ಯಾರಾದರೂ ಮೇಲಿನಿಂದ ಹಾಕಬೇಕು, ಅವಳು ಬೊಗಸೆಯಲ್ಲಿ ಹಿಡಿದು ಕುಡಿಯಬೇಕು. ಹಾಕುವವರು ಯಾವಾಗ ನಿಲ್ಲಿಸುತ್ತಾರೋ ತಿಳಿಯದಾದ್ದರಿಂದ ಅವಳು ಬೆರಳುಗಳನ್ನು ಒಂದಕ್ಕೊಂದು ಬಿಗಿದು ಹಿಡಿಯಲು ಕಲಿತಿದ್ದಳು. ಅವಳ ಬೊಗಸೆಯಿಂದ ಒಂದು ಹನಿ ಕೆಳಗೆ ಬೀಳುತ್ತಿರಲಿಲ್ಲ.

ಶನಿವಾರದ ಆಟದ ಸುದ್ದಿ ಮನೆಗಳಿಗೆ ಹೋಯಿತು. ಒಂದು ಮಧ್ಯಾಹ್ನ ದಿಗಂಬರನ ತಾಯಿ ಪಾರ್ವತಿಬಾಯಿ ಸಾಲೆಗೆ ಬಂದರು. ಜಗಳಕ್ಕೇನೂ ಬಂದಿರಲಿಲ್ಲ. ಮನೆಯಲ್ಲಿ ಮಾಡಿದ ಚಕ್ಕುಲಿ ತಂದಿದ್ದರು. ಮಗ ಈಗ ಓದುತ್ತಾನೆಂದು ಸಂತೋಷಪಟ್ಟರು. ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದರು.

"ಎಲ್ಲಾರ ಕೈಯಾಗಿಂದೂ ಕುಡೀತಾರೇನ್ರಿ, ಬಾಯೋರ?"

"ನಾ ನೋಡ್ಕೋತೀನ್ರಿ" ಎಂದರು ಯಶೋದಾಬಾಯಿ.

ನೋಡಿಕೊಂಡರು. ದ್ರೌಪತಿಯ ಬೀಜದ ಮೇಲೆ ಒಂದು ಸಣ್ಣ ದುಂಡು ಇತ್ತು. ಅವ್ವನ ಜರಡಿ ಎಂದು ಅವಳು ಕೊರೆದದ್ದು. ಬೀಜದ ಒಂದು ಅಂಚು ಮುರಿದಿತ್ತು. ಕುಡಿಕೆಯೊಳಗೆ ಕೈ ಹಾಕಿದಾಗ ಬಾಯಿಯ ಹೆಬ್ಬೆರಳು ಆ ಅಂಚನ್ನು ಹುಡುಕಿ ಬದಿಗೆ ಒತ್ತಿ ಹಿಡಿಯುತ್ತಿತ್ತು, ಬೇರೆ ಬೆರಳು ಬೇರೆ ಬೀಜವನ್ನು ತೆಗೆಯುತ್ತಿತ್ತು. ಅದನ್ನು ಅವರು ಕರುಣೆ ಎಂದುಕೊಂಡಿದ್ದರು. ನಿಲ್ಲಿಸಿ ಯಾರೂ ಬಾರದಿದ್ದರೆ ಆ ಕೂಸು ಏನಾದೀತು ಎಂದು.

ಕೂಸು ಮಾತ್ರ ಕಾಯುತ್ತಿತ್ತು. ಶುಕ್ರವಾರ ಸಂಜೆ ದ್ರೌಪತಿ ಬೂದಿ ಹಚ್ಚಿ ಕೈ ತಿಕ್ಕುತ್ತಾಳೆ, ಉಗುರಿನ ಕೆಳಗೆ ಕಡ್ಡಿ ಹಾಕಿ ಕೊಳೆ ತೆಗೆಯುತ್ತಾಳೆ ಎಂದು ಕಮಳಾಬಾಯಿ ಗಂಜಿನ ಹೆಂಗಸರ ಮುಂದೆ ನಗುತ್ತ ಹೇಳುತ್ತಿದ್ದಳಂತೆ. ಬಿಡಿಸಲು ಬಂದವರಿಗೆ ಕೈ ಹೊಲಸಾಗಿ ಕಾಣಬಾರದಲ್ಲ. ಶನಿವಾರ ಬೇರೆಯವರ ಬೀಜ ಬರುತ್ತಿತ್ತು. ಒಂದೊಂದು ಸಲ ಅದೇ ಹುಡುಗನದು ಎರಡನೆಯ ಸಲ ಬರುತ್ತಿತ್ತು. ಒಂದು ದಿನ ಸಾಲೆ ಬಿಟ್ಟ ಮೇಲೆ ಅವಳು ಬಾಗಿಲಲ್ಲೇ ನಿಂತಳು.

"ನನ್ನ ಪಾಳಿ ಯಾವಾಗ ಬರ್ತದ್ರಿ?"

"ಬೀಜ ಬಂದಾಗ ಬರ್ತದವಾ."

"ನಂದು ಕುಡಿಕ್ಯಾಗ ಅದ ಅಲ್ರಿ?"

"ಅದ. ನೀನ ಹಾಕಿದ್ದು ಎಲ್ಲಾರೂ ನೋಡ್ಯಾರಲ್ಲ."

ಅರವತ್ತೊಂದರ ಚಳಿಗಾಲದಲ್ಲಿ ಸಾಲೆಗಳ ತಪಾಸಣೆಗೆ ಬಂದ ಸಾಹೇಬರೊಬ್ಬರ ಕಿವಿಗೆ ಈ ಬಾಯಿಯ ಹೆಸರು ಬಿತ್ತು. ಕಥೆ ಪುಸ್ತಕ ಕಲಿಸುವ ಮಾದರಿ ಪಾಠ ಆಗಲಿ, ಸುತ್ತಲಿನ ಮಾಸ್ತರರೆಲ್ಲ ಬಂದು ನೋಡಲಿ ಎಂದರು. ಶನಿವಾರವೇ ಗೊತ್ತಾಯಿತು. ಗೋಡೆಗೆ ನಕಾಶೆ ತೂಗುಹಾಕಿದರು. ಮಾಸ್ತರರು ಹಿಂದಿನ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ಕುಳಿತರು. ದಿಗಂಬರ ಮುದುಕಿಯಾಗಿ ಸೀನಿದಾಗ ಒಬ್ಬ ದಪ್ಪ ಮಾಸ್ತರರು ನಿಜವಾಗಿಯೂ ಕಲ್ಲಾದಂತೆ ಕೈ ಎತ್ತಿ ಕುಳಿತುಬಿಟ್ಟರು. ನಗು ಬಹಳ ಹೊತ್ತಿನ ತನಕ ಅಡಗಲಿಲ್ಲ. ಯಶೋದಾಬಾಯಿಗೆ ಅಷ್ಟು ಜನ ಒಮ್ಮೆಲೇ ತಮ್ಮ ಕಡೆ ನೋಡಿ ನಕ್ಕದ್ದು, ನೋಡಿ ಮುಖ ಹೊರಳಿಸದೆ ನಕ್ಕದ್ದು, ಅದೇ ಮೊದಲು.

ಪಾಳಿಯ ಹೊತ್ತು ಬಂತು. ಬಾಯಿ ಕುಡಿಕೆಗೆ ಕೈ ಚಾಚಿದರು. ಸಾಹೇಬರು ಹುರುಪಿನಲ್ಲಿದ್ದರು. ಇದನ್ನು ತಾವೇ ತೆಗೆಯುತ್ತೇವೆಂದು ಕುಡಿಕೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು, ಕಣ್ಣು ಮುಚ್ಚಿದರು, ಕೈ ಹಾಕಿದರು. ತೆಗೆದ ಬೀಜವನ್ನು ಬೆಳಕಿಗೆ ಹಿಡಿದು, ದುಂಡನೆಯ ಗುರುತು ಯಾರದೆಂದು ಕೇಳಿದರು.

"ನಂದ್ರಿ" ಎಂದಿತು ಬಾಗಿಲ ಕಡೆಯ ದನಿ.

ದ್ರೌಪತಿ ಮಣೆ ಹತ್ತಿದಳು. ಪರಕಾರದ ನೆರಿಗೆ ಸರಿಮಾಡಿಕೊಂಡಳು. ಪುಸ್ತಕದ ಚಿತ್ರದಲ್ಲಿ ಇದ್ದಂತೆಯೇ ಕತ್ತು ತುಸು ಓರೆ ಮಾಡಿ, ಬೊಗಸೆ ಒಡ್ಡಿ ಕಲ್ಲಾದಳು. ಎಷ್ಟು ದಿನ ಮನೆಯಲ್ಲಿ ಹೀಗೆ ನಿಂತು ನೋಡಿಕೊಂಡಿದ್ದಳೋ, ರೆಪ್ಪೆಯೂ ಅಲುಗಲಿಲ್ಲ. ಬಾಯಿ ತಂಬಿಗೆ ಬಗ್ಗಿಸಿ ನೀರು ಹಾಕಿದರು, ಎಂದಿಗಿಂತ ತುಸು ಮೇಲಿನಿಂದ.

ಯಾರೂ ಏಳಲಿಲ್ಲ.

ಮಕ್ಕಳು ತಮ್ಮ ತಮ್ಮ ಕಾಲಿನ ಬೆರಳು ನೋಡಿಕೊಂಡರು. ಸಾಹೇಬರು ನಗುಮುಖದಿಂದಲೇ ಕಾಯುತ್ತಿದ್ದರು. ಅವರು ಹೊರಗಿನವರು, ಮಕ್ಕಳು ನಾಚಿದ್ದಾರೆ ಎಂದುಕೊಂಡಿರಬೇಕು. ಹಿಂದಿನ ಗೋಡೆಯ ಮಾಸ್ತರರು ಹಾಗೆ ಅಂದುಕೊಳ್ಳಲಿಲ್ಲ. ಅವರ ನಗು ಒಂದು ತುದಿಯಿಂದ ಇನ್ನೊಂದು ತುದಿಗೆ ಆರುತ್ತ ಹೋಯಿತು. ಹೊರಗೆ ಜರಡಿ ಕೇಳತೊಡಗಿತು. ಬೇರೆ ಮಕ್ಕಳ ಕೈಯಲ್ಲಾಗಿದ್ದರೆ ಈ ಹೊತ್ತಿಗೆ ನೀರು ಸೋರಿ ಆಟ ಹೇಗೋ ಮುರಿಯುತ್ತಿತ್ತು. ದ್ರೌಪತಿಯ ಬೊಗಸೆಯಲ್ಲಿ ನೀರು ನಿಂತೇ ಇತ್ತು. ಮೇಲಿನ ಗವಾಕ್ಷಿಯ ಚೂರು ಬೆಳಕು ಅದರಲ್ಲಿ ಬಿದ್ದಿತ್ತು.

ಆಗ ದಿಗಂಬರ ಎದ್ದ. ಅವನಿಗೆ ಸೀನಿ ಸೀನಿ ಗಂಟಲು ಒಣಗಿತ್ತೋ, ಸುಮ್ಮನೆ ಕೂಡುವುದು ಆಗಲಿಲ್ಲವೋ. ಮಣೆಯ ಹತ್ತಿರ ಬಂದ. ಕಲ್ಲಿನ ಕಣ್ಣು ಅಲುಗಿತು. ಅವನು ಮಾತು ಹೇಳಲು ಬಾಯಿ ತೆರೆದವನು ಏಕೋ ತಡೆದ, ಹಿಂದೆ ತಿರುಗಿದ.

"ಬಾಯೋರ, ಕುಡೀಲ್ಯಾ?"

ಅವನು ಯಾರ ಕೈಯಿಂದ ಕುಡಿಯುವಾಗಲೂ ಕೇಳಿರಲಿಲ್ಲ. ಯಶೋದಾಬಾಯಿಗೆ ಚಕ್ಕುಲಿ ತಂದ ಕೈ ನೆನಪಾಯಿತು, ಹಿಂದಿನ ಗೋಡೆಯ ಕಣ್ಣುಗಳು ಬೆನ್ನಿಗೆ ತಾಗಿದವು. ಹೂಂ ಎಂದರೆ ನಾಳೆ ಗಂಜು ಸಾಲೆಯ ಬಾಗಿಲಿಗೆ ಬರುತ್ತದೆ. ಒಲ್ಲೆ ಎಂದರೆ ಪಾಠ ಸಾಹೇಬರ ಮುಂದೆ ಒಡೆಯುತ್ತದೆ.

"ಕೂಡು, ದಿಗಂಬರ" ಎಂದರು.

ಆಮೇಲೆ ಅವರು ಮಕ್ಕಳ ಕಡೆ ತಿರುಗಿದರು. ದನಿ ನಡುಗಲಿಲ್ಲ. ಈ ಕಲ್ಲನ್ನು ಯಾರೂ ಬಿಡಿಸುವ ಹಾಗಿಲ್ಲ, ಗೊತ್ತೇನು ಎಂದರು. ಎಲ್ಲ ಕಲ್ಲೂ ಒಂದೇ ಅಲ್ಲ. ಕಲ್ಲುಪಟ್ಟಣದ ಗುಡಿಯಲ್ಲಿ ಒಂದು ಕಂಬದ ಕಲ್ಲು ಇದೆ. ಮಿಣುಕಿ ಅದನ್ನು ಬಿಡಿಸಲು ಹೋದಾಗ ಅದೇ ಬೇಡ ಎಂದಿತು. ನಾನು ಬಿಟ್ಟರೆ ಮಾಳಿಗೆ ಕುಸಿಯುತ್ತದೆ, ಒಳಗಿರುವ ನೀವೆಲ್ಲ ಸಾಯುತ್ತೀರಿ, ನಾನು ನಿಲ್ಲುತ್ತೇನೆ, ನೀವು ಆಡಿಕೊಳ್ಳಿರಿ ಎಂದಿತು. ಅದಕ್ಕೇ ಎಲ್ಲರೂ ಹೋಗುವಾಗ ಬರುವಾಗ ಆ ಕಲ್ಲಿಗೆ ದೂರದಿಂದ ಕೈ ಮುಗಿಯುತ್ತಾರೆ.

ಮಕ್ಕಳು ಕೈ ಮುಗಿದರು. ಅವರಿಗೆ ಬಿಡುಗಡೆಯಾಗಿತ್ತು. ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಮಾಸ್ತರರೂ ತಟ್ಟಿದರು, ಎಲ್ಲರಿಗಿಂತ ಜೋರಾಗಿ ತಟ್ಟಿದರು. ದ್ರೌಪತಿ ಗಂಟೆ ಹೊಡೆಯುವ ತನಕ ನಿಂತಿದ್ದಳು. ಗಂಟೆ ಹೊಡೆದ ಮೇಲೆ ನೀರನ್ನು ಏನು ಮಾಡಬೇಕೋ ತಿಳಿಯದೆ ಅತ್ತಿತ್ತ ನೋಡಿ, ಕೊನೆಗೆ ತಾನೇ ಕುಡಿದಳು.

ಮುಂದಿನ ಶನಿವಾರದಿಂದ ಅವಳ ಬೀಜವನ್ನು ಕುಡಿಕೆಗೆ ಹಾಕುವುದು ಬೇಕಾಗಲಿಲ್ಲ. ಅವಳಿಗೆ ಕಾಯಂ ಜಾಗ ಸಿಕ್ಕಿತ್ತು, ಕಂಬದ ಪಕ್ಕ. ಮನೆಯಲ್ಲಿ ಅವ್ವನಿಗೆ ತಾನು ಮಾಳಿಗೆ ಹೊರುವವಳೆಂದು ಹೇಳಿದಳು. ಕಮಳಾಬಾಯಿ ಮಗಳ ಮುಖ ನೋಡಿ, ಅಪ್ಪ ಚೀಲ ಹೊರುತ್ತಾನೆ ನೀನು ಮಾಳಿಗೆ ಹೊರು ಎಂದಳಂತೆ. ಸುಗ್ಗಿಗೆ ಅವಳು ಸಾಲೆ ತಪ್ಪಿಸಿದರೆ ದಿಗಂಬರ ಬಾಗಿಲಲ್ಲಿ ನಿಂತು ಕೂಗುತ್ತಿದ್ದ: "ಇವತ್ತ ದ್ರೌಪತಿ ಬಂದಿಲ್ಲ, ಎಲ್ಲಾರೂ ಹೊರಗ ಕೂಡ್ರಿ, ಮಾಳಗಿ ಬೀಳ್ತದ." ನಾಲ್ಕನೆಯ ವರ್ಗ ಮುಗಿಯಿತು. ದ್ರೌಪತಿ ಅವ್ವನ ಎದುರು ಜರಡಿಯ ಇನ್ನೊಂದು ತುದಿ ಹಿಡಿದಳು.

ಯಶೋದಾಬಾಯಿಯ ಪಾಠ ಊರು ದಾಟಿತು. ಬಸವಕಲ್ಯಾಣದಲ್ಲಿ ಬೇಸಿಗೆಯಲ್ಲಿ ಮಾಸ್ತರರ ತರಬೇತಿ ನಡೆದಾಗ ಕಥೆ ಪುಸ್ತಕದ ದಿನ ಅವರದಾಗಿರುತ್ತಿತ್ತು. ಹಿಂದೆ ವಿಧವೆಯಾಗಿ ಬಿಟ್ಟು ಬಂದಿದ್ದ ಊರಿಗೆ ಅವರು ಈಗ ಟಾಂಗಾದಲ್ಲಿ ಬರುತ್ತಿದ್ದರು. ಮಾಸ್ತರರನ್ನು ನಾರಾಯಣಪುರದ ಹಳೆಯ ಗುಡಿಗೆ ಕರೆದುಕೊಂಡು ಹೋಗಿ, ಕಂಬದ ನೆತ್ತಿಯಲ್ಲಿ ಭಾರದ ಕೆಳಗೆ ಬಾಗಿ ನಿಂತ ಕಲ್ಲಿನ ಹೆಣ್ಣುಗಳನ್ನು ತೋರಿಸುತ್ತಿದ್ದರು. ನೋಡ್ರಿ, ಮುಖದ ಮೇಲೆ ಹ್ಯಾಂಗ ನಗು ಅದ ಎನ್ನುತ್ತಿದ್ದರು. ಒಬ್ಬ ಹೊಸ ಮಾಸ್ತರ, ದೇವಿದಾಸ ಎಂಬವನು, ಕಂಬದ ಕಲ್ಲಿಗೆ ಎಂಥ ಹುಡುಗರನ್ನು ಆರಿಸಬೇಕೆಂದು ಕೇಳಿದ.

"ನಿಂದ್ರೂ ರೂಢಿ ಇದ್ದವರನ್ನ ಆರಿಸ್ರಿ" ಎಂದರು ಯಶೋದಾಬಾಯಿ.

ಮಾಸ್ತರರು ತಲೆಯಾಡಿಸಿದರು. ಯಾರೂ ಎರಡನೆಯ ಸಲ ಕೇಳಬೇಕಾಗಲಿಲ್ಲ. ದೇವಿದಾಸನೂ ತಲೆಯಾಡಿಸಿದ. ಅವನು ತಾನೂ ದ್ರೌಪತಿಯ ಮನೆಯಂಥ ಮನೆಯ ಹುಡುಗನೇ, ಆದರೆ ಹೊಸ ನೌಕರಿ. ಕೆಲವು ವರ್ಷಗಳಲ್ಲಿ ಸುತ್ತಲಿನ ಸಾಲೆಗಳಲ್ಲೆಲ್ಲ ಶನಿವಾರ ಒಂದು ಕಲ್ಲು ಕಂಬಕ್ಕೆ ಒರಗಿ ನಿಲ್ಲುತ್ತಿತ್ತು, ಉಳಿದವರು ಆಡುತ್ತಿದ್ದರು. ಬಾಯಿಗೆ ಶಾಲು ಹೊದಿಸಿದರು. ಮದುವೆಗಳ ಕರೆ ಬರತೊಡಗಿತು. ಮದುಮಕ್ಕಳು ಬಗ್ಗಿ ಕಾಲು ಮುಟ್ಟುತ್ತಿದ್ದರು, ಅವರ ಕೈಯ ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಎಂಬತ್ತೊಂದನೆಯ ಇಸವಿಯಲ್ಲಿ ಅವರು ನಿವೃತ್ತರಾದರು.

ಎರಡು ವರ್ಷಗಳ ನಂತರ ಒಂದು ಭಾನುವಾರ ಬೆಳಿಗ್ಗೆ ದ್ರೌಪತಿ ಆ ಓಣಿಗೆ ಬಂದಳು. ಗಂಜಿನ ಕೆಲಸ ಬಿಟ್ಟು ಅವಳು ಈಗ ಹೆದ್ದಾರಿಯ ಆಚೆಗಿನ ಔಷಧಿ ಕಾರ್ಖಾನೆಯಲ್ಲಿ ಗಾಜಿನ ಬಾಟಲಿ ತೊಳೆಯುತ್ತಿದ್ದಳು. ಬೆರಳುಗಳ ನಡುವೆ ಚರ್ಮ ಸೀಳಿತ್ತು. ಜೊತೆಗೆ ಮಗಳು ಸುಜಾತಾ, ಮೂರನೆಯ ವರ್ಗ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಅಂಗಳದಲ್ಲಿ ಯಶೋದಾಬಾಯಿ ಕುರ್ಚಿ ಹಾಕಿಕೊಂಡು ಕಪ್ಪು ಚಹಾ ಕುಡಿಯುತ್ತಿದ್ದರು. ಹಾಲು ಹಾಕುವ ಧೂಳಮ್ಮ ಎಮ್ಮೆ ಬತ್ತಿತೆಂದು ಎರಡು ದಿನದಿಂದ ಬಂದಿರಲಿಲ್ಲ. ಮನೆಯಲ್ಲಿ ಹನಿ ಹಾಲಿರಲಿಲ್ಲ.

ಗುರುತು ಹಿಡಿಯಲು ಹೊತ್ತಾಯಿತು. ಹಿಡಿದ ಮೇಲೆ ಬಾಯಿ ಸಂತೋಷದಿಂದಲೇ ಮಾತಾಡಿಸಿದರು. ಲಾಲಪ್ಪ ಹೋದ ಸುದ್ದಿ ಕೇಳಿ ಲೊಚಗುಟ್ಟಿದರು. ಕಮಳಾಬಾಯಿಗೆ ಧೂಳಿನ ಕೆಮ್ಮು ಎಂದಾಗ ತುಳಸಿ ಕಷಾಯ ಹೇಳಿದರು. ದ್ರೌಪತಿ ಅಂಗಳದ ಕಲ್ಲಿನ ಮೇಲೆ ಕುಳಿತಿದ್ದಳು. ಸುಜಾತಾ ನಳದ ಹತ್ತಿರ ನಿಂತಿದ್ದಳು.

"ನಿನ್ನಿ ಸಾಲ್ಯಾಗ ಈಕಿನ್ನ ಕಂಬದ ಕಲ್ಲು ಮಾಡ್ಯಾರ್ರಿ" ಎಂದಳು ದ್ರೌಪತಿ.

ಬಾಯಿ ನಕ್ಕರು. ತಾಯಿಯ ಪಾಳಿ ಮಗಳಿಗೆ ಬಂತು ಎಂದರು. ಇನ್ನೂ ಆ ಪಾಠ ನಡೆಯುತ್ತಿದೆಯೆಂದು ಅವರಿಗೆ ಹೆಮ್ಮೆಯಾದದ್ದು ಕಾಣುತ್ತಿತ್ತು.

"ಈಕಿ ಏಳೂ ಪುಸ್ತಕ ಓದ್ಯಾಳ್ರಿ. ನಾ ಮೂರರ ತನಕಾ ಓದಿದ್ದೆ." ದ್ರೌಪತಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಕಂಬದ ಕಲ್ಲಿನ ಕಥಿ ಯಾವುದ್ರಾಗ ಅದ್ರಿ, ಬಾಯೋರ?"

ಯಶೋದಾಬಾಯಿ ಚಹಾದ ಕಪ್ಪು ಕೆಳಗಿಟ್ಟರು.

"ಯಾವುದ್ರಾಗೂ ಇಲ್ರಿ ಅಜ್ಜೀ" ಎಂದಳು ಸುಜಾತಾ. ಪಾಠ ಒಪ್ಪಿಸುವ ದನಿ. "ಏಳನೇದ್ರಾಗ ಎಲ್ಲಾ ಕಲ್ಲೂ ಬಿಡುಗಡಿ ಆಗ್ತಾವ್ರಿ. ಗುಡಿ ಬೀಳಂಗಿಲ್ರಿ."

"ಇಷ್ಟು ವರ್ಷ ಅದ ಅಂತನ ತಿಳಕೊಂಡಿದ್ನಿರಿ" ಎಂದಳು ದ್ರೌಪತಿ. "ಕಾರ್ಖಾನ್ಯಾಗ ನಿಂತು ನಿಂತು ಕಾಲು ಬಾತ್ರ ಅದನ್ನ ನೆನಸ್ತಿದ್ದೆ. ಇರಲಿ, ಮಾಳಗಿ ನಿಂತದಲ್ಲ ಅಂತ."

ಆ ದಿನ ಸಾಹೇಬರು ಬಂದಿದ್ದರು, ಮಾಸ್ತರರೆಲ್ಲ ಕುಳಿತಿದ್ದರು, ನಿನಗೆ ಅವಮಾನ ಆಗಬಾರದೆಂದೇ ಹಾಗೆ ಹೇಳಿದ್ದು ಎಂದೇನೋ ಬಾಯಿ ಹೇಳತೊಡಗಿದರು. ದ್ರೌಪತಿ ತಲೆಯಾಡಿಸಿದಳು. ಅವಳು ಜಗಳಕ್ಕೆ ಬಂದವಳಲ್ಲ. ಬೇಡಲು ಬಂದಿದ್ದಳು, ಅದೂ ತನಗಲ್ಲ.

"ಈಕಿ ರಾತ್ರಿ ಉಣಲಿಲ್ರಿ. ನನ್ನ ಪಾಳಿ ಮುಗದಿಲ್ಲ, ಯಾರೂ ಕುಡೀಲಿಲ್ಲ ಅಂತಾಳ. ನಾ ಕುಡದ್ರ ನಡಿಯಂಗಿಲ್ಲಂತ, ಮನಿಯವರು ಕುಡದ್ರ ಲೆಕ್ಕಿಲ್ಲಂತ." ಅವಳು ಬಾಯಿಯ ಮುಖ ನೋಡಿದಳು. "ನೀವ ಹೇಳಿದ ಆಟ. ನೀವು ಒಂದು ಗುಟುಕು ಕುಡದ್ರ ಸಾಕ್ರಿ. ಆಕಿ ನಾಳಿ ಸಾಲಿಗಿ ಹೋಗ್ತಾಳ."

ಸುಜಾತಾ ಅಷ್ಟರಲ್ಲಿ ನಳ ತಿರುಗಿಸಿದ್ದಳು. ಬೊಗಸೆ ತುಂಬಿಕೊಂಡು, ಚೆಲ್ಲದ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಕುರ್ಚಿಯ ಮುಂದೆ ಬಂದು ನಿಂತಳು. ಕತ್ತು ಓರೆ ಮಾಡಿದಳು. ಕಲ್ಲಾದಳು. ಉಗುರುಗಳು ಚೊಕ್ಕಟವಾಗಿದ್ದವು. ಒಂದು ಹನಿ ಕೆಳಗೆ ಬೀಳಲಿಲ್ಲ.

ಯಶೋದಾಬಾಯಿ ಎದ್ದು ನಿಂತರು. ಬಗ್ಗಿದರು ಕೂಡ, ನೀರಿನಲ್ಲಿ ಅವರ ಮುಖದ ಒಂದು ಚೂರು ಕಂಡಿರಬೇಕು. ಓಣಿಯಲ್ಲಿ ಯಾರೋ ಚಪ್ಪಲಿ ಎಳೆಯುತ್ತ ಬರುವ ಸದ್ದಾಯಿತು. ಬಾಯಿ ನೆಟ್ಟಗಾದರು, ಬಾಗಿಲ ಕಡೆ ನೋಡಿದರು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

"ಹಂಗ ನಿಂದ್ರವಾ, ಈಗ ಬಂದೆ" ಎಂದರು. "ಒಲಿ ಮ್ಯಾಲ ಹಾಲು ಇಟ್ಟು ಬಂದೀನಿ, ಅದು ಉಕ್ಕಿ ಹೋಗ್ತದ" ಎನ್ನುತ್ತ ಹೊಸ್ತಿಲು ದಾಟಿ ಒಳಗೆ ಹೋದರು.